ಮಕ್ಕಳ ಹಡಗಿನಲ್ಲಿ ಇಬ್ಬರಿಗಷ್ಟೇ ಊಟ

ಕ್ರೂಸ್ ಹಡಗಿನ ಟಿಕೆಟ್ ದರದಲ್ಲೇ ಊಟ-ತಿಂಡಿ ಸೇರಿರುತ್ತದೆ. ಹಾಗಿದ್ದೂ ಅಮೆರಿಕದ ಬಂದರುಗಳಿಂದ ಹೊರಡುವ ಡಿಸ್ನಿ ಹಡಗುಗಳಲ್ಲಿ ಬೇರೆಯಾಗಿ ದುಡ್ಡು ಕೊಟ್ಟು ಉಣ್ಣಬೇಕಾದ ಒಂದೆರಡು ರೆಸ್ಟೋರೆಂಟುಗಳಿವೆ. ಅವುಗಳ ಟೇಬಲ್‌ಗಳು ಪ್ರಯಾಣಕ್ಕೆ ಎಷ್ಟೋ ವಾರ ಮೊದಲೇ ಭರ್ತಿಯಾಗುತ್ತವೆ. ಅಡುಗೆ ಚೆನ್ನಾಗಿರುವುದು ಒಂದು ಕಾರಣ. ಅದಕ್ಕಿಂತ ದೊಡ್ಡ ಕಾರಣ, ಅಲ್ಲಿಗೆ 18 ವರ್ಷ ತುಂಬದವರಿಗೆ ಪ್ರವೇಶವಿಲ್ಲ. ಹಗಲೆಲ್ಲ ಮಿಕ್ಕಿ ಮೌಸ್ ಜೊತೆ ಫೋಟೊ, ನೀರಿನ ಜಾರುಬಂಡೆ, ಐಸ್‌ಕ್ರೀಮ್ ಎಂದು ಓಡಾಡಿದ ಅಪ್ಪ-ಅಮ್ಮ ಒಂದು ರಾತ್ರಿಯಾದರೂ ಎದುರುಬದುರು ಕೂತು ಮಾತಾಡಬಹುದಾದ ಜಾಗ ಅದು.

ಮಕ್ಕಳ ಶಾಲೆಯ ರಜೆಗೆ ಫ್ಲಾರಿಡಾದಿಂದ ಹಡಗು ಹತ್ತುವ ಅಮೆರಿಕದ ಕನ್ನಡ ಕುಟುಂಬಗಳೂ, ಊರಿನಿಂದ ಮಗಳ ಮನೆಗೆಂದು ಹೋಗಿ ಮೊಮ್ಮಕ್ಕಳ ಜೊತೆ ಕ್ರೂಸ್‌ಗೆ ಹೊರಡುವ ಅಜ್ಜ-ಅಜ್ಜಿಯರೂ ಈಗ ಬೇಕಾದಷ್ಟಿದ್ದಾರೆ. ಅಂಥವರು ಒಂದು ವಿಷಯ ತಿಳಿದಿರಬೇಕು. ಈ ಊಟದಲ್ಲಿ ಟೇಬಲ್ ಹಿಡಿಯುವುದು ಅರ್ಧ ಕೆಲಸ ಮಾತ್ರ. ಅಂದು ಸಂಜೆ ಮಗು ಎಲ್ಲಿರುತ್ತದೆ, ಏನು ತಿನ್ನುತ್ತದೆ, ಯಾರ ಹತ್ತಿರ ಇರುತ್ತದೆ ಎಂಬುದು ಉಳಿದರ್ಧ. ಆ ಉಳಿದರ್ಧವನ್ನು ಮೊದಲು ಗೊತ್ತು ಮಾಡಿಕೊಂಡವರಿಗೇ ಊಟ ರುಚಿಸುವುದು.

ಮೊದಲು ಹೋಟೆಲುಗಳ ವಿಚಾರ. ಪಾಲೊ ಇಟಾಲಿಯನ್ ರೆಸ್ಟೋರೆಂಟ್. 1998ರಲ್ಲಿ ಡಿಸ್ನಿಯ ಮೊದಲ ಹಡಗು ಮ್ಯಾಜಿಕ್ ಯಾನ ಶುರು ಮಾಡಿದಾಗಿನಿಂದಲೂ ಇದೆ. 2022ರಿಂದ ಈಚೆಗೆ ಬಂದ ವಿಶ್, ಟ್ರೆಷರ್, ಡೆಸ್ಟಿನಿ ಹಡಗುಗಳಲ್ಲಿ ಅದು ಪಾಲೊ ಸ್ಟೇಕ್‌ಹೌಸ್ ಆಗಿದೆ. ಇಟಾಲಿಯನ್ ತಿನಿಸು ಉಳಿದುಕೊಂಡಿದ್ದರೂ ಮಾಂಸದ ಪಾಲು ಹೆಚ್ಚಿದೆ. ಪಾಲೊಗಿಂತ ಒಂದು ಮೆಟ್ಟಿಲು ಮೇಲಿರುವುದು ಫ್ರೆಂಚ್ ಊಟದ ರೆಮಿ. ಇದು ಡ್ರೀಮ್ ಮತ್ತು ಫ್ಯಾಂಟಸಿ ಎಂಬ ಎರಡು ಹಡಗುಗಳಲ್ಲಿ ಮಾತ್ರ ಇದೆ. 2007ರ ರಾಟಟೂಯಿ ಸಿನಿಮಾದ ಅಡುಗೆಭಟ್ಟ ಇಲಿಯ ಹೆಸರನ್ನೇ ಇದಕ್ಕಿಟ್ಟಿದ್ದಾರೆ. ಇದರ ಮೆನು ರೂಪಿಸಿದವರು ಇಬ್ಬರು. ಒಬ್ಬರು ಫ್ರಾನ್ಸಿನ ರೀಮ್ಸ್ ನಗರದ ಪಕ್ಕದಲ್ಲಿ ಮೂರು ಮಿಶೆಲಿನ್ ತಾರೆಗಳ ರೆಸ್ಟೋರೆಂಟ್ ನಡೆಸುವ ಆರ್ನೊ ಲಾಲ್‌ಮಾಂ. ಇನ್ನೊಬ್ಬರು ಫ್ಲಾರಿಡಾದ ಡಿಸ್ನಿ ವರ್ಲ್ಡ್‌ನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ಸ್‌ನಲ್ಲಿ ಹೆಸರು ಮಾಡಿದ ಸ್ಕಾಟ್ ಹನೆಲ್. ವಿಶ್ ಮತ್ತು ಅದರ ನಂತರದ ಹಡಗುಗಳಲ್ಲಿ ರೆಮಿ ಬದಲು ಲಾಲ್‌ಮಾಂ ಅವರದೇ ಆನ್‌ಶಾಂತೆ ಇದೆ.

ಪಾಲೊದಲ್ಲಿ ನಿಗದಿತ ದರದ ಊಟಕ್ಕೆ ತಲೆಗೆ ಸುಮಾರು 50 ಡಾಲರ್, ರೆಮಿಯಲ್ಲಿ 100 ಡಾಲರಿಗೂ ಹೆಚ್ಚು. ವೈನ್ ಬೇಕೆಂದರೆ ಅದರ ಲೆಕ್ಕ ಬೇರೆ. ದರ ಆಗಾಗ ಏರುತ್ತಿರುವುದರಿಂದ ಕಾಯ್ದಿರಿಸುವ ದಿನ ಕಾಣುವ ಅಂಕಿಯನ್ನೇ ನಂಬಿ.

ಊಟ ಪುಕ್ಕಟೆ ಇರುವಾಗ ಇಷ್ಟು ಕೊಡುವುದೇಕೆ ಎಂದು ಕೇಳುವವರಿದ್ದಾರೆ. ಉತ್ತರ ಅಡುಗೆಮನೆಯಲ್ಲಿದೆ. ಫ್ಯಾಂಟಸಿ ಹಡಗು ತುಂಬಿದರೆ 4,000 ಪ್ರಯಾಣಿಕರು. ಇವರನ್ನೆಲ್ಲ ಮೂರು ದೊಡ್ಡ ಊಟದ ಮನೆಗಳಿಗೆ ಸರದಿಯಂತೆ ಹಂಚಿ, ಸಂಜೆ ಐದೂಮುಕ್ಕಾಲರ ಸುಮಾರಿಗೆ ಒಂದು ಪಂಕ್ತಿ, ಎಂಟೂಕಾಲರ ಸುಮಾರಿಗೆ ಇನ್ನೊಂದು ಪಂಕ್ತಿ ಕೂರಿಸುತ್ತಾರೆ. ಲೆಕ್ಕ ಹಾಕಿದರೆ ಒಂದೊಂದು ಮನೆಯಲ್ಲಿ ಒಂದು ಪಂಕ್ತಿಗೆ 600ಕ್ಕೂ ಹೆಚ್ಚು ಎಲೆ. ನಮ್ಮ ಮದುವೆ ಮನೆಯ ಹಾಗೆಯೇ, ಸಾರು ಬಂದ ಹೊತ್ತಿಗೆ ಎಲ್ಲರಿಗೂ ಸಾರು, ಪಾಯಸದ ಹೊತ್ತಿಗೆ ಎಲ್ಲರಿಗೂ ಪಾಯಸ. ಎರಡನೇ ಪಂಕ್ತಿಯವರು ಬಾಗಿಲಲ್ಲಿ ಕಾಯುತ್ತಿರುವುದರಿಂದ ಮೊದಲ ಪಂಕ್ತಿಯವರು ಕೂತು ಹರಟುವಂತಿಲ್ಲ. ರೆಮಿಯಲ್ಲಿ ಕೂರುವವರು ನೂರಕ್ಕಿಂತ ಕಡಿಮೆ. ನಿಮ್ಮ ತಟ್ಟೆಯ ಅಡುಗೆ ನೀವು ಬಂದ ಮೇಲೆಯೇ ಶುರುವಾಗುತ್ತದೆ. ಊಟ ಮುಗಿಯಲು ಎರಡೂವರೆ ಗಂಟೆ ಹಿಡಿದರೂ ಯಾರೂ ಎಬ್ಬಿಸುವುದಿಲ್ಲ. ಬೆಂಕಿ ಅನಾಹುತದ ಭಯಕ್ಕೆ ಈ ಹಡಗುಗಳಲ್ಲಿ ಗ್ಯಾಸ್ ಉರಿಯ ಒಲೆ ಇರುವುದಿಲ್ಲ, ಎಲ್ಲ ವಿದ್ಯುತ್ತಿನದು. ನಡುಗಡಲಿನಲ್ಲಿ, ಎಂಜಿನ್‌ನ ಸಣ್ಣ ನಡುಕದ ನಡುವೆ, ಪಾಲೊದ ಹೆಸರಾಂತ ಚಾಕೊಲೇಟ್ ಸೂಫ್ಲೆ ಉಬ್ಬಿಕೊಂಡು ಮೇಜಿಗೆ ಬರುತ್ತದೆ ಎಂದರೆ ಆ ಕೈಗಳ ಪಳಗಿಕೆ ದೊಡ್ಡದು. ಕೊಡುವ ದುಡ್ಡು ಆ ಬಿಡುವಿಗೆ, ಆ ಗಮನಕ್ಕೆ.

ಇನ್ನು ಕಾಯ್ದಿರಿಸುವುದು. ಪ್ರಯಾಣದ ಹಣ ಪೂರ್ತಿ ಕಟ್ಟಿರಬೇಕು. ಮೊದಲ ಸಲ ಹೋಗುವವರಿಗೆ ಹಡಗು ಹೊರಡುವ 75 ದಿನ ಮೊದಲು ಆನ್‌ಲೈನ್ ಖಾತೆಯಲ್ಲಿ ಅವಕಾಶ ತೆರೆಯುತ್ತದೆ. ಹಿಂದೆ ಹೋದವರಿಗೆ ಪ್ರಯಾಣಗಳ ಸಂಖ್ಯೆ ನೋಡಿಕೊಂಡು 90, 105, 120 ದಿನ ಹೀಗೆ ಮುಂಚೆಯೇ ಸಿಗುತ್ತದೆ. ಹಾಗಾಗಿ ಹೊಸಬರ ಸರದಿ ಬರುವಾಗ ಒಳ್ಳೆಯ ಹೊತ್ತುಗಳು ಎಷ್ಟೋ ಸಲ ಖಾಲಿಯಾಗಿರುತ್ತವೆ. ಅವಕಾಶ ತೆರೆಯುವುದು ಅಮೆರಿಕದ ಪೂರ್ವ ಕರಾವಳಿಯ ಮಧ್ಯರಾತ್ರಿಗೆ. ನಮ್ಮಲ್ಲಿ ಆಗ, ಅಲ್ಲಿ ಬೇಸಿಗೆಯಾದರೆ ಬೆಳಗಿನ ಒಂಬತ್ತೂವರೆ, ಚಳಿಗಾಲವಾದರೆ ಹತ್ತೂವರೆ. ಬೆಂಗಳೂರಿನಲ್ಲಿ ಕೂತ ತಮ್ಮನೋ ತಂಗಿಯೋ ಅಲ್ಲಿಯವರ ನಿದ್ದೆ ಕೆಡದಂತೆ ಈ ಕೆಲಸ ಮುಗಿಸಿಕೊಡಬಹುದು.

ಆ ದಿನ ಬರುವ ಮೊದಲೇ ಮೂರು ವರ್ಷದೊಳಗಿನ ಮಗು ಇರುವವರು ಒಂದು ತೀರ್ಮಾನ ಮಾಡಿಕೊಂಡಿರಬೇಕು. ಆರು ತಿಂಗಳಿಂದ ಮೂರು ವರ್ಷದ ಮಕ್ಕಳಿಗೆ ಹಡಗಿನಲ್ಲಿ ನರ್ಸರಿ ಇದೆ. ಗಂಟೆಗಿಷ್ಟು ಎಂದು ಶುಲ್ಕ, ಜಾಗ ಬಹಳ ಕಡಿಮೆ. ಅದನ್ನೂ ಇದೇ ಅವಧಿಯಲ್ಲಿ ಕಾಯ್ದಿರಿಸಬೇಕು. ಬಹಳ ಮಂದಿ ಮೊದಲು ರೆಮಿಯ ಟೇಬಲ್ ಒತ್ತಿ ಆಮೇಲೆ ನರ್ಸರಿ ನೋಡುತ್ತಾರೆ. ಅಷ್ಟರಲ್ಲಿ ಆ ಸಂಜೆಯ ಜಾಗ ಮುಗಿದಿರುತ್ತದೆ. ನರ್ಸರಿ ಸಿಕ್ಕ ಸಂಜೆಗೆ ಟೇಬಲ್ ಹುಡುಕಿ, ಟೇಬಲ್ ಸಿಕ್ಕ ಸಂಜೆಗೆ ನರ್ಸರಿ ಹುಡುಕಬೇಡಿ.

ಮೂರರಿಂದ ಹತ್ತು ವರ್ಷದವರಿಗೆ ಓಷಿಯನಿಯರ್ ಕ್ಲಬ್. ಇದಕ್ಕೆ ಶುಲ್ಕವಿಲ್ಲ, ಕಾಯ್ದಿರಿಸಬೇಕಾಗಿಯೂ ಇಲ್ಲ, ಹೆಚ್ಚಾಗಿ ನಡುರಾತ್ರಿಯ ತನಕ ತೆರೆದಿರುತ್ತದೆ. ಒಂದು ನಿಯಮ ಮಾತ್ರ ಕಟ್ಟುನಿಟ್ಟು: ಡೈಪರ್ ಬಿಟ್ಟಿರಬೇಕು. ಮೊದಲ ದಿನವೇ ಹೆಸರು ನೋಂದಾಯಿಸಿದರೆ ಮಗುವಿನ ಕೈಗೆ ಪಟ್ಟಿ ಕಟ್ಟುತ್ತಾರೆ. ಮಗು ಅತ್ತರೆ ಅಥವಾ ನಿಮ್ಮನ್ನು ಕೇಳಿದರೆ ಹಡಗಿನ ಆ್ಯಪ್ ಮೂಲಕ ಫೋನಿಗೆ ಸಂದೇಶ ಬರುತ್ತದೆ. ಊಟದ ಮೇಜಿನಲ್ಲಿ ಫೋನ್ ಇಡಬಾರದೆಂಬ ಶಿಸ್ತನ್ನು ಆ ಒಂದು ರಾತ್ರಿ ಸಡಿಲಿಸಿ. ಹನ್ನೊಂದು ದಾಟಿದವರಿಗೆ ಬೇರೆ ಕ್ಲಬ್‌ಗಳಿವೆ, ಅವರಂತೂ ನಿಮ್ಮನ್ನು ಕಳಿಸಿಕೊಡಲು ಕಾಯುತ್ತಿರುತ್ತಾರೆ.

ಆದರೆ ಮೊದಲ ಬಾರಿ ಹೋಗುವ ನಾಲ್ಕು ವರ್ಷದ ಮಗುವನ್ನು ಅದೇ ಸಂಜೆ ಮೊದಲ ಸಲ ಕ್ಲಬ್‌ನಲ್ಲಿ ಬಿಟ್ಟು ನೇರ ಪಾಲೊಗೆ ಹೋಗುವುದು ಸರಿಯಲ್ಲ. ಮೊದಲ ದಿನ ಮಧ್ಯಾಹ್ನ ಕ್ಲಬ್ ಎಲ್ಲರಿಗೂ ತೆರೆದಿರುವಾಗ ನೀವೂ ಒಳಗೆ ಹೋಗಿ ಆಡಿಸಿ. ಮರುದಿನ ಒಂದರ್ಧ ಗಂಟೆ ಬಿಟ್ಟು ನೋಡಿ. ಮೂರನೆಯ ದಿನ ಮಗುವೇ ಕೈ ಬಿಡಿಸಿಕೊಂಡು ಓಡಿದರೆ ಆ ರಾತ್ರಿ ಉಂಡ ಅನ್ನ ಮೈಗೆ ಹತ್ತುತ್ತದೆ. ಈ ಕಾರಣಕ್ಕೇ ಹಡಗು ಹತ್ತಿದ ಮೊದಲ ರಾತ್ರಿಯ ಟೇಬಲ್ ಸುಲಭವಾಗಿ ಸಿಕ್ಕರೂ ಚಿಕ್ಕ ಮಕ್ಕಳಿರುವವರಿಗೆ ನಾನು ಅದನ್ನು ಹೇಳುವುದಿಲ್ಲ.

ಮಗುವಿನ ಊಟದ ಜೋಡಣೆ ನಿಮ್ಮ ಪಂಕ್ತಿಯನ್ನು ಅವಲಂಬಿಸಿದೆ. ನಿಮ್ಮದು ಮೊದಲ ಪಂಕ್ತಿಯಾದರೆ ಐದೂಮುಕ್ಕಾಲಕ್ಕೆ ಎಂದಿನ ಮೇಜಿನಲ್ಲೇ ಮಗುವಿನ ಜೊತೆ ಕೂತು, ಅದಕ್ಕೆ ಉಣಿಸಿ, ನೀವು ಬ್ರೆಡ್ಡಿನ ತುಂಡಷ್ಟೇ ತಿಂದು ಏಳಿ. ಏಳರ ಹೊತ್ತಿಗೆ ಮಗು ಕ್ಲಬ್‌ಗೆ, ನೀವು ಏಳೂವರೆಗೆ ಪಾಲೊಗೆ. ನನ್ನ ದೃಷ್ಟಿಯಲ್ಲಿ ಇದೇ ಒಳ್ಳೆಯ ಕ್ರಮ. ಹೊಟ್ಟೆ ತುಂಬಿದ ಮಗು ತಂಟೆ ಮಾಡುವುದು ಕಡಿಮೆ, ಅಪ್ಪ-ಅಮ್ಮ ತನ್ನನ್ನು ಬಿಟ್ಟು ಉಂಡರು ಎಂಬ ಬೇಸರವೂ ಇಲ್ಲ. ಎರಡನೇ ಪಂಕ್ತಿಯವರು ಆರೂವರೆಯ ಟೇಬಲ್ ಹಿಡಿದರೆ ಮಗುವಿಗೆ ಕ್ಲಬ್‌ನಲ್ಲೇ ರಾತ್ರಿಯೂಟ ಕೊಡುತ್ತಾರೆ. ಎರಡನೇ ಪಂಕ್ತಿಗೆ ಇನ್ನೊಂದು ಸೌಲಭ್ಯವಿದೆ: ಮಕ್ಕಳಿಗೆ ಬೇಗ ಬಡಿಸಿ, ಸುಮಾರು ಮುಕ್ಕಾಲು ಗಂಟೆಯಲ್ಲಿ ಕ್ಲಬ್‌ನವರೇ ಊಟದ ಮನೆಗೆ ಬಂದು ಅವರನ್ನು ಕರೆದೊಯ್ಯುತ್ತಾರೆ. ಪಾಲೊಗೆ ಹೋಗದ ರಾತ್ರಿಗಳಲ್ಲೂ ದಂಪತಿಗೆ ಅರ್ಧ ಊಟ ನೆಮ್ಮದಿಯದು.

ಯಾವ ರಾತ್ರಿ ಆರಿಸಬೇಕು? ಫ್ಯಾಂಟಸಿಯಂಥ ಹಡಗಿನ ಏಳು ರಾತ್ರಿಯ ಪ್ರಯಾಣದಲ್ಲಿ ಅನಿಮೇಟರ್ಸ್ ಪ್ಯಾಲೆಟ್ ಎಂಬ ಊಟದ ಮನೆಗೆ ನಿಮ್ಮ ಸರದಿ ಕಡಿಮೆಯೆಂದರೂ ಎರಡು ಸಲ ಬರುತ್ತದೆ. ಅದರಲ್ಲೊಂದು ರಾತ್ರಿ ಕಾಗದದ ಮೇಲೆ ನೀವು ಬರೆದ ಗೊಂಬೆಗಳೇ ಗೋಡೆಯ ಪರದೆಯಲ್ಲಿ ಕುಣಿಯುತ್ತವೆ. ಮಕ್ಕಳ ಜೊತೆ ಅದನ್ನು ತಪ್ಪಿಸಿಕೊಳ್ಳಬಾರದು. ಕಡಲುಗಳ್ಳರ ವೇಷ ಹಾಕಿ ಪಟಾಕಿ ಹಾರಿಸುವ ರಾತ್ರಿಯೂ ಮಕ್ಕಳದೇ. ಇವೆರಡು ಬಿಟ್ಟು ಉಳಿದುದರಲ್ಲಿ ಆರಿಸಿ. ಪಾಲೊ, ರೆಮಿ ಎರಡೂ ಡ್ರೀಮ್, ಫ್ಯಾಂಟಸಿಗಳಲ್ಲಿ 12ನೇ ಅಂತಸ್ತಿನ ಹಿಂಭಾಗದಲ್ಲಿವೆ. ಕಿಟಕಿಯಿಂದ ಹಡಗು ಬಿಟ್ಟುಬಂದ ನೊರೆಯ ದಾರಿ ಕಾಣುತ್ತದೆ. ಕೆರಿಬಿಯನ್‌ನಲ್ಲಿ ಚಳಿಗಾಲದ ಸೂರ್ಯ ಆರರ ಆಸುಪಾಸಿಗೇ ಮುಳುಗುತ್ತಾನೆ. ಸೂರ್ಯಾಸ್ತ ಬೇಕೆಂದರೆ ಮೊಟ್ಟಮೊದಲ ಹೊತ್ತು ಹಿಡಿಯಬೇಕು. ಇಷ್ಟು ಎತ್ತರದಲ್ಲಿ, ಹಡಗಿನ ತುದಿಯಲ್ಲಿ ಓಲಾಟ ಜಾಸ್ತಿ. ತಲೆಸುತ್ತು ಬರುವವರು ಮಾತ್ರೆಯನ್ನು ಊಟಕ್ಕೆ ಕೂರುವ ಎಷ್ಟೋ ಮೊದಲೇ ತೆಗೆದುಕೊಂಡಿರಲಿ.

ರಾತ್ರಿ ಮಗುವನ್ನು ಬಿಡಲು ಮನಸ್ಸೇ ಒಪ್ಪದಿದ್ದರೆ ಹಡಗು ಬಂದರಿಗೆ ಹೋಗದೆ ಕಡಲಲ್ಲೇ ಇರುವ ದಿನಗಳಲ್ಲಿ ಪಾಲೊದಲ್ಲಿ ಬ್ರಂಚ್ ಇರುತ್ತದೆ. ಹಗಲಿಗೆ ಮಗು ಚುರುಕಾಗಿರುತ್ತದೆ, ಸಂಜೆಯ ನಾಟಕವೂ ತಪ್ಪುವುದಿಲ್ಲ. ಇದನ್ನು ಬಹಳ ಜನ ಗಮನಿಸುವುದಿಲ್ಲ.

ಸಸ್ಯಾಹಾರಿಗಳು ಇಲ್ಲಿ ಹೆಚ್ಚು ಎಚ್ಚರ ವಹಿಸಬೇಕು. ದೊಡ್ಡ ಊಟದ ಮನೆಗಳಲ್ಲಿ ಹಿಂದಿನ ರಾತ್ರಿಯೇ ಮುಖ್ಯ ಸರ್ವರ್‌ಗೆ ಹೇಳಿಟ್ಟರೆ ಪನೀರು, ದಾಲ್, ಅನ್ನದ ಭಾರತೀಯ ಅಡುಗೆ ಮಾಡಿಕೊಡುತ್ತಾರೆ. ಕ್ರೂಸ್ ಹಡಗುಗಳಲ್ಲಿ ಮಂಗಳೂರು, ಉಡುಪಿ ಕಡೆಯವರು ದುಡಿಯುವುದು ಹೊಸದಲ್ಲ, ಎದೆಯ ಮೇಲಿನ ಹೆಸರಿನ ಪಟ್ಟಿಯಲ್ಲಿ ದೇಶದ ಹೆಸರು ಓದಿ ಮಾತಿಗಿಳಿದರೆ ಕನ್ನಡವೋ ತುಳುವೋ ಕಿವಿಗೆ ಬಿದ್ದೀತು. ಆದರೆ ರೆಮಿಯ ಅಡುಗೆ ಬೇರೆ ಬಗೆಯದು. ಫ್ರೆಂಚ್ ಪದ್ಧತಿಯಲ್ಲಿ ತರಕಾರಿಯ ಮೇಲೆ ಸುರಿದ ಸಾಸ್‌ನಲ್ಲೂ ಮೂಳೆ ಕುದಿಸಿದ ರಸ ಇರಬಹುದು. ಇಟಲಿಯ ನಿಜವಾದ ಪಾರ್ಮೆಸಾನ್ ಗಿಣ್ಣಿಗೆ ಹಾಲು ಒಡೆಸುವುದು ಕರುವಿನ ಹೊಟ್ಟೆಯ ರೆನೆಟ್‌ನಿಂದ. ಮೊಟ್ಟೆ ತಿನ್ನದವರಿಗೆ ಆ ಸೂಫ್ಲೆ ಸಲ್ಲದು, ಅದು ಉಬ್ಬುವುದೇ ಮೊಟ್ಟೆಯ ಬಿಳಿಯಿಂದ. ಬರೀ ‘ವೆಜಿಟೇರಿಯನ್’ ಎಂದರೆ ಸಾಲದು. ಮಾಂಸ ಬೇಡ, ಮೀನು ಬೇಡ, ಮೊಟ್ಟೆ ಬೇಡ, ಮಾಂಸದ ರಸ ಬೇಡ, ಜೆಲಟಿನ್ ಬೇಡ ಎಂದು ಒಂದೊಂದಾಗಿ ಹೇಳಿ. ಅದನ್ನೂ ಹಡಗು ಹತ್ತುವ ಮೊದಲೇ ಕೋರಿಕೆಯಾಗಿ ಬರೆದು ಕಳಿಸಿ. ಕಟ್ಟಾ ಸಸ್ಯಾಹಾರಿ ದಂಪತಿಗೆ ನನ್ನ ಸಲಹೆ ಪಾಲೊ. ಇಟಾಲಿಯನ್ ಅಡುಗೆಯಲ್ಲಿ ಪಾಸ್ತಾ, ರಿಸೊಟ್ಟೊ, ತರಕಾರಿಗಳು ತಮ್ಮ ಕಾಲ ಮೇಲೆ ತಾವೇ ನಿಲ್ಲುತ್ತವೆ. ಪಾಸ್ತಾ ಮೊಟ್ಟೆ ಹಾಕಿ ನಾದಿದ್ದೇ ಎಂದು ಒಮ್ಮೆ ಕೇಳಿದರಾಯಿತು. ಮೀನು-ಮಾಂಸ ತಿನ್ನುವವರು, ಬೆಳ್ಳಿಹಬ್ಬದಂಥ ದೊಡ್ಡ ನೆಪ ಇದ್ದವರು ರೆಮಿಗೆ ಹೋಗಲಿ.

ಉಡುಪಿನ ನಿಯಮವನ್ನು ಪೆಟ್ಟಿಗೆ ಕಟ್ಟುವಾಗಲೇ ನೆನಪಿಡಿ. ರೆಮಿಯಲ್ಲಿ ಜೀನ್ಸ್, ಚಡ್ಡಿ, ಚಪ್ಪಲಿ, ಆಟದ ಬೂಟು ನಡೆಯುವುದಿಲ್ಲ, ಗಂಡಸರಿಗೆ ಕೋಟು ಮೇಲು. ಪಾಲೊಗೆ ಕಾಲರ್ ಇರುವ ಅಂಗಿ, ನೆಟ್ಟಗಿನ ಪ್ಯಾಂಟು ಸಾಕು. ರೇಷ್ಮೆ ಸೀರೆ ಉಟ್ಟು ಹೋದರೆ ಎರಡೂ ಕಡೆ ಅದಕ್ಕಿಂತ ಒಪ್ಪುವ ಉಡುಪಿಲ್ಲ. ವೈನ್‌ಗೆ ವಯಸ್ಸು 21 ಆಗಿರಬೇಕು, ಊಟಕ್ಕೆ 18 ಸಾಕು. ಹಣವೆಲ್ಲ ಕ್ಯಾಬಿನ್ ಖಾತೆಗೆ ಬೀಳುತ್ತದೆ. ಪಾನೀಯದ ಬಿಲ್‌ಗೆ ಶೇ 18ರಷ್ಟು ಟಿಪ್ಸ್ ತಾನಾಗಿಯೇ ಸೇರಿರುತ್ತದೆ, ಸಹಿ ಹಾಕುವ ಮೊದಲು ಬಿಲ್ ಓದಿ, ಮೇಲೆ ಎಷ್ಟು ಕೊಡಬೇಕೆಂದು ಆಮೇಲೆ ನಿರ್ಧರಿಸಿ. ಮತ್ತೊಂದು ಸಣ್ಣ ಸೌಜನ್ಯ: ಡಿಸ್ನಿಯಲ್ಲಿ ಮೂರು ದೊಡ್ಡ ಊಟದ ಮನೆಗಳಲ್ಲಿ ನೀವು ಯಾವುದಕ್ಕೆ ಹೋದರೂ ಬಡಿಸುವವರು ನಿಮ್ಮ ಜೊತೆಗೇ ಬರುತ್ತಾರೆ. ನಾಳೆ ನಾವಿಬ್ಬರು ಬರುವುದಿಲ್ಲ ಎಂದು ಹಿಂದಿನ ರಾತ್ರಿ ಅವರಿಗೆ ಹೇಳಿ. ಖಾಲಿ ಕುರ್ಚಿ ನೋಡಿಕೊಂಡು ಅವರು ಕಾಯುವುದು ತಪ್ಪುತ್ತದೆ.

ಟೇಬಲ್ ಸಿಗದವರು ಬೇಸರಿಸಬೇಕಿಲ್ಲ. ಪ್ರಯಾಣ ಹತ್ತಿರವಾದಂತೆ ರದ್ದಾದ ಟೇಬಲ್‌ಗಳು ಮತ್ತೆ ಕಾಣಿಸಿಕೊಳ್ಳುತ್ತವೆ. ಖಾತೆಯನ್ನು ಆಗಾಗ ತೆರೆದು ನೋಡಿ, ಹಡಗು ಹತ್ತಿದೊಡನೆ ಮತ್ತೊಮ್ಮೆ ವಿಚಾರಿಸಿ. ನಿಮಗೆ ಹೋಗಲಾಗದಿದ್ದರೆ ಕೊನೆಯ ಗಳಿಗೆಯ ತನಕ ಎಳೆಯದೆ ಬೇಗ ರದ್ದು ಮಾಡಿ, ಇಲ್ಲವಾದರೆ ಉಣ್ಣದ ಊಟಕ್ಕೆ ದುಡ್ಡು ತೆರಬೇಕಾದೀತು.

ಅಜ್ಜ-ಅಜ್ಜಿ ಜೊತೆಗಿದ್ದರೆ ಕ್ಲಬ್, ನರ್ಸರಿ ಯಾವುದರ ಗೋಜೂ ಬೇಡ, ಅವರೇ ನೋಡಿಕೊಳ್ಳುತ್ತಾರೆ ಎಂದು ಲೆಕ್ಕ ಹಾಕುವವರು ಬಹಳ. ಅವರು ಸಂತೋಷದಿಂದಲೇ ಒಪ್ಪುತ್ತಾರೆ ನಿಜ. ಆದರೆ ನಲವತ್ತು ವರ್ಷ ಸಂಸಾರ ಮಾಡಿ, ಇಬ್ಬರೇ ಕೂತು ಹೋಟೆಲಿನಲ್ಲಿ ಉಂಡದ್ದೇ ಅಪರೂಪ ಎನ್ನುವಂಥ ಹಿರಿಯರು ನಮ್ಮ ಮನೆಗಳಲ್ಲಿ ಎಷ್ಟಿಲ್ಲ? ಒಂದು ರಾತ್ರಿ ಅವರು ಮೊಮ್ಮಗುವನ್ನು ನೋಡಿಕೊಳ್ಳಲಿ. ಇನ್ನೊಂದು ರಾತ್ರಿಗೆ ಅವರಿಬ್ಬರ ಹೆಸರಿನಲ್ಲಿ ಪಾಲೊದ ಟೇಬಲ್ ಹಿಡಿಯಿರಿ. ಮೆನುವಿನಲ್ಲಿ ಏನು ಕೇಳಬೇಕೆಂದು ಕನ್ನಡದಲ್ಲಿ ಒಂದು ಚೀಟಿ ಬರೆದುಕೊಡಿ, ಬಾಗಿಲ ತನಕ ಜೊತೆಗೆ ಹೋಗಿ ಬಡಿಸುವವರಿಗೆ ಅವರ ಪಥ್ಯ ತಿಳಿಸಿ ಬನ್ನಿ.