ಯಾರೂ ಕಾರು ನಿಲ್ಲಿಸದ ನೆಲ

ಶುಕ್ರವಾರ ರಾತ್ರಿ ಬೆಂಗಳೂರಿನಿಂದ ಹೊರಡುವ ಕ್ಯಾಮೆರಾಗಳ ದಾರಿ ಬಹುಪಾಲು ಗೊತ್ತಿರುವುದೇ. ಮಳೆಗಾಲಕ್ಕೆ ಜೋಗ, ಆಗುಂಬೆ, ಚಳಿಗೆ ಮುಳ್ಳಯ್ಯನಗಿರಿ, ಬೇಸಿಗೆಗೆ ಕಬಿನಿ ಹಿನ್ನೀರು. ತುಮಕೂರು ದಾಟಿದ ಮೇಲೆ ಶಿರಾ, ಹಿರಿಯೂರು, ಚಿತ್ರದುರ್ಗದವರೆಗೆ ಹೆದ್ದಾರಿಯ ಎರಡೂ ಮಗ್ಗುಲಿಗೆ ಬಯಲು ಹರಡಿಕೊಂಡಿದೆ. ಅಲ್ಲಿ ಕಾರು ನಿಲ್ಲುವುದು ಊಟ, ಕಾಫಿಗೆ ಮಾತ್ರ. ಕುರುಚಲು ಗಿಡ, ಕಲ್ಲುಗುಡ್ಡ, ಒಣಹುಲ್ಲು ಕಿಟಕಿಯಾಚೆ ಸರಿದುಹೋಗುತ್ತವೆ. ‘ಏನೂ ಇಲ್ಲದ ಜಾಗ’ ಎಂದು ನಾವು ಅದಕ್ಕೆ ಹೆಸರಿಟ್ಟಾಗಿದೆ.

ನನ್ನ ಕಸುಬಿನ ದೊಡ್ಡ ಪಾಠ ನನಗೆ ದಕ್ಕಿದ್ದು ಈ ಏನೂ ಇಲ್ಲದ ಜಾಗದಲ್ಲೇ. ಸ್ಫೂರ್ತಿ ಬರಲಿ, ಆಮೇಲೆ ಕ್ಯಾಮೆರಾ ಎತ್ತೋಣ ಎಂದು ಕಾಯುವವರು ಬಹಳ. ನನ್ನ ಅನುಭವದಲ್ಲಿ ಸ್ಫೂರ್ತಿ ಹಾಗೆ ಮುಂಚಿತವಾಗಿ ಬರುವುದಿಲ್ಲ. ನೋಡುತ್ತ ನೋಡುತ್ತ ಹೋದಂತೆ ಅದು ಹಿಂದಿನಿಂದ ಬಂದು ಕೂಡಿಕೊಳ್ಳುತ್ತದೆ.

ಸಿದ್ಧ ಚೌಕಟ್ಟಿನ ಆಚೆ

ಜೋಗಕ್ಕೆ ಹೋಗುವವರ ಕಣ್ಣಲ್ಲಿ ಜೋಗದ ಚಿತ್ರ ಮೊದಲೇ ಇರುತ್ತದೆ. ಕ್ಯಾಲೆಂಡರಿನಲ್ಲಿ, ಪಠ್ಯಪುಸ್ತಕದಲ್ಲಿ, ಮೊಬೈಲಿನಲ್ಲಿ ಕಂಡ ರಾಜಾ, ರಾಣಿ, ರೋರರ್, ರಾಕೆಟ್ ಅಲ್ಲಿಯೂ ಹಾಗೆಯೇ ಕಂಡರೆ ಸಂತೋಷ, ಮಂಜು ಮುಸುಕಿದರೆ ಬೇಜಾರು. ತೆಗೆಯುವ ಮೊದಲೇ ಫೋಟೋ ಮುಗಿದಿರುತ್ತದೆ. ವರ್ಷಗಟ್ಟಲೆ ಹೀಗೆ ಬೇರೆಯವರ ಚೌಕಟ್ಟಿಗೆ ಬೆಳಕು ತುಂಬಿಸುತ್ತಿದ್ದರೆ ಉತ್ಸಾಹ ಬತ್ತುತ್ತದೆ. ಹೊಸ ಲೆನ್ಸ್ ಕೊಂಡರೂ ಅದು ಮರಳಿ ಬಾರದು.

ಬಯಲಿಗೆ ಅಂಥ ಸಿದ್ಧ ಚೌಕಟ್ಟು ಇಲ್ಲ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿ ಬಳಿಯ ಜಯಮಂಗಲಿ ಕೃಷ್ಣಮೃಗ ಧಾಮದಲ್ಲಿ ನಿಂತಾಗ ಎಲ್ಲಿಂದ ಶುರುಮಾಡಬೇಕೆಂದೇ ತೋಚುವುದಿಲ್ಲ. ಮುಂದೆ ಹುಲ್ಲು, ಮೇಲೆ ಆಕಾಶ, ನಡುವೆ ಒಂದು ಗೆರೆ. ಆ ಗೆರೆಯನ್ನು ಚಿತ್ರದ ಎಲ್ಲಿ ಕೂರಿಸಬೇಕೆಂಬುದೇ ಮೊದಲ ಪ್ರಶ್ನೆ. ಅದಕ್ಕೆ ಉತ್ತರ ಹುಡುಕುವಾಗ ನಮ್ಮದೇ ಕಣ್ಣು ತೆರೆಯುತ್ತದೆ.

ಈ ದಾರಿಯಲ್ಲಿ ಹಿರಿಯರು ನಡೆದಿದ್ದಾರೆ. 1975ರಲ್ಲಿ ಅಮೆರಿಕದ ರೋಚೆಸ್ಟರ್‌ನ ಜಾರ್ಜ್ ಈಸ್ಟ್‌ಮನ್ ಹೌಸ್‌ನಲ್ಲಿ ‘ನ್ಯೂ ಟೋಪೋಗ್ರಾಫಿಕ್ಸ್’ ಎಂಬ ಪ್ರದರ್ಶನ ನಡೆಯಿತು. ಹಿಮಶಿಖರ, ಜಲಪಾತಗಳ ವೈಭವವನ್ನೇ ಭೂದೃಶ್ಯವೆಂದು ನಂಬಿದ್ದ ಕಾಲದಲ್ಲಿ ರಾಬರ್ಟ್ ಆಡಮ್ಸ್, ಲೂಯಿಸ್ ಬಾಲ್ಟ್ಸ್ ಮುಂತಾದವರು ಸಾಲುಮನೆ, ಗೋದಾಮು, ವಾಹನ ನಿಲುಗಡೆ ತಾಣಗಳನ್ನು ಗೋಡೆಗೆ ತೂಗುಹಾಕಿದರು. ಮೊದಲ ಮಹಾಯುದ್ಧದಲ್ಲಿ ಬಲಗೈ ಕಳೆದುಕೊಂಡ ಪ್ರಾಗ್‌ನ ಜೋಸೆಫ್ ಸುಡೆಕ್ 1940ರಿಂದ ಸುಮಾರು 14 ವರ್ಷ ತನ್ನ ಸ್ಟುಡಿಯೊದ ಕಿಟಕಿಯನ್ನೇ ಮತ್ತೆ ಮತ್ತೆ ಸೆರೆಹಿಡಿದ. ಗಾಜಿನ ಮೇಲಿನ ಹಬೆ, ನೀರಹನಿ, ಆಚೆಗಿನ ಸೊಟ್ಟ ಮರ, ಇಷ್ಟೇ ಅವನ ಲೋಕ. ಜಾಗ ಬದಲಿಸದೆಯೂ ನೋಟ ಬೆಳೆಯುತ್ತದೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ನನಗೆ ಬೇಕಿಲ್ಲ.

ಓರೆ ಬೆಳಕಿನ ಅರ್ಧ ಗಂಟೆ

ಬಯಲಿನಲ್ಲಿ ಬೆಳಕೇ ಬಂಡವಾಳ. ನಮ್ಮ ಅಕ್ಷಾಂಶದಲ್ಲಿ ಸೂರ್ಯ ಹೆಚ್ಚುಕಡಿಮೆ ನೆಟ್ಟಗೆ ಮೇಲೇರುತ್ತಾನೆ. ಉತ್ತರ ಯುರೋಪಿನ ಚಳಿಗಾಲದಲ್ಲಿ ಹಗಲಿಡೀ ಉಳಿಯುವ ಓರೆ ಬೆಳಕು ಇಲ್ಲಿ ಬೆಳಿಗ್ಗೆ ಅರ್ಧ ಗಂಟೆ, ಸಂಜೆ ಅರ್ಧ ಗಂಟೆ ಸಿಕ್ಕರೆ ಹೆಚ್ಚು. ಆ ಹೊತ್ತಿನಲ್ಲಿ ಸೂರ್ಯನಿಗೆ ಎದುರಾಗಿ ನೆಲಮಟ್ಟಕ್ಕೆ ಮಲಗಿ ನೋಡಬೇಕು. ನಿಂತಾಗ ಚಪ್ಪಟೆಯಾಗಿ ಕಂಡ ನೆಲದಲ್ಲಿ ತಗ್ಗು, ದಿಬ್ಬ, ಕುರಿ ನಡೆದ ಜಾಡು ಎಲ್ಲವೂ ನೆರಳಿನಿಂದ ಎದ್ದು ನಿಲ್ಲುತ್ತವೆ. ಒಂದೊಂದು ತೆನೆಯ ಅಂಚಿಗೂ ಬೆಳಕಿನ ಎಳೆ ಹತ್ತುತ್ತದೆ.

ಬಿಸಿಲೇರಿದ ಮೇಲೆ ನಾನು ಕ್ಯಾಮೆರಾ ಕಟ್ಟಿಡುವುದಿಲ್ಲ, ಮ್ಯಾಕ್ರೊ ಲೆನ್ಸ್ ತೊಡಿಸುತ್ತೇನೆ. ಬಯಲಲ್ಲಿ ನಡೆದವರ ಕಾಲುಚೀಲಕ್ಕೆ, ಪಂಚೆಯಂಚಿಗೆ ಚುಚ್ಚಿಕೊಳ್ಳುವ ಹುಲ್ಲಿನ ಬೀಜ ಎಲ್ಲರಿಗೂ ಗೊತ್ತು. ಕಿತ್ತು ಬಿಸಾಡುವ ಮುಂಚೆ ಒಂದನ್ನು ಅಂಗೈ ಮೇಲಿಟ್ಟುಕೊಳ್ಳಿ. ತುದಿ ಸೂಜಿಯಷ್ಟು ಚೂಪು, ಅದರ ಮೇಲೆ ಹಿಂದಕ್ಕೆ ಬಾಗಿದ ಸಣ್ಣ ರೋಮ, ಹಿಂದೆ ಹಗ್ಗದಂತೆ ಹೊಸೆದುಕೊಂಡ ಕಪ್ಪು ಬಾಲ. ಒಂದು ಹನಿ ನೀರು ಬಿಟ್ಟರೆ ಆ ಬಾಲದ ಹುರಿ ಬಿಚ್ಚಿಕೊಳ್ಳುತ್ತ ನಿಧಾನವಾಗಿ ತಿರುಗುತ್ತದೆ. ಒಣಗಿದರೆ ಮತ್ತೆ ಹೊಸೆದುಕೊಳ್ಳುತ್ತದೆ. ಇಬ್ಬನಿಗೆ ಬಿಚ್ಚಿ, ಬಿಸಿಲಿಗೆ ಸುತ್ತಿ, ಬೀಜ ತನ್ನಷ್ಟಕ್ಕೆ ತಾನೇ ಮಣ್ಣಿನೊಳಕ್ಕೆ ಕೊರೆದುಕೊಂಡು ಹೋಗುತ್ತದೆ. ಹಿಂದಕ್ಕೆ ಬಾಗಿದ ರೋಮ ಅದನ್ನು ಮೇಲಕ್ಕೆ ಜಾರಗೊಡುವುದಿಲ್ಲ. ಬರದ ಸೀಮೆಯಲ್ಲಿ ಮುಂದಿನ ಮಳೆಯವರೆಗೆ ಜೀವ ಹಿಡಿದುಕೊಳ್ಳುವ ಈ ಯುಕ್ತಿಯನ್ನು ಕಣ್ಣಾರೆ ಕಂಡ ಮೇಲೆ ಆ ನೆಲವನ್ನು ಬರಿದು ಎನ್ನಲು ನನಗೆ ಬಾಯಿ ಬಂದಿಲ್ಲ.

ಮೈದನಹಳ್ಳಿ ಕಡೆ ಕುರಿ ಮೇಯಿಸುತ್ತಿದ್ದ ಹಿರಿಯರೊಬ್ಬರು, ‘ಇಲ್ಲೇನೈತೆ ಅಂತ ಫೋಟೋ ತೆಗೀತೀರಿ ಸ್ವಾಮಿ?’ ಎಂದು ಕೇಳಿದರು. ಬೀಜ ತೋರಿಸಿದೆ. ನಕ್ಕು, ಅದು ಕುರಿಯ ಉಣ್ಣೆಗೆ ಹೇಗೆ ಕಾಟ ಕೊಡುತ್ತದೆ, ಯಾವ ಇಳಿಜಾರು ಮೊದಲ ಮಳೆಗೆ ಹಸಿರಾಗುತ್ತದೆ, ಮೊಲ ಯಾವ ಮೆಳೆಯಲ್ಲಿ ಮಲಗುತ್ತದೆ ಎಂದೆಲ್ಲ ಹೇಳುತ್ತ ಹೋದರು. ಆ ಬಯಲನ್ನು ಅಷ್ಟು ಚೆನ್ನಾಗಿ ನೋಡಿದ ಕಣ್ಣು ಯಾವ ಕ್ಯಾಮೆರಾಕ್ಕೂ ಇಲ್ಲ. ಅಂದಿನಿಂದ ಹೊಸ ಬಯಲಿಗೆ ಹೋದರೆ ಮೊದಲು ಕುರಿಗಾಹಿಗಳನ್ನು ಮಾತಾಡಿಸುತ್ತೇನೆ.

ನೋಡದೆ ಕಳೆದುಕೊಂಡದ್ದು

ಕಾಣದ ನೆಲಕ್ಕೆ ಕಾಗದದಲ್ಲೂ ಬೆಲೆಯಿಲ್ಲ. ಕೇಂದ್ರ ಸರ್ಕಾರ 2000ದಿಂದ ಹೊರತರುತ್ತಿರುವ ಬಂಜರು ಭೂಮಿ ನಕಾಶೆಯಲ್ಲಿ ಕುರುಚಲು ನೆಲವೂ ಒಂದು ಬಗೆಯ ಬಂಜರು. ಅದೇ ನೆಲದಲ್ಲಿ ತೋಳ, ನರಿ, ಕೃಷ್ಣಮೃಗಗಳಿವೆ. ಮಧ್ಯ ಏಷ್ಯಾದಿಂದ ಬರುವ ಹ್ಯಾರಿಯರ್ ಹಕ್ಕಿಗಳು ಚಳಿಗಾಲದ ರಾತ್ರಿಗಳನ್ನು ಅಲ್ಲಿನ ಹುಲ್ಲಿನ ನಡುವೆ ನೆಲದ ಮೇಲೆಯೇ ಕಳೆಯುತ್ತವೆ.

ನಮ್ಮ ಪೂರ್ವಿಕರಿಗೆ ಈ ಬೆಲೆ ತಿಳಿದಿತ್ತು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಅರಮನೆಯ ದನಗಳನ್ನು ನೋಡಿಕೊಳ್ಳುತ್ತಿದ್ದ ಬೆಣ್ಣೆ ಚಾವಡಿ ಟಿಪ್ಪು ಕಾಲಕ್ಕೆ ಅಮೃತ್ ಮಹಲ್ ಆಯಿತು. ಆ ದನಗಳಿಗೆಂದೇ ಹುಲ್ಲುಗಾವಲುಗಳನ್ನು ‘ಕಾವಲು’ ಎಂದು ಕಾಯ್ದಿರಿಸಲಾಗಿತ್ತು. ಕಾಲಾನಂತರ ಅವು ತುಂಡುತುಂಡಾದವು. ಚಳ್ಳಕೆರೆಯ ಕುದಾಪುರ, ವರವು, ಉಳ್ಳಾರ್ತಿ ಕಾವಲುಗಳ ಸಾವಿರಾರು ಎಕರೆ ರಕ್ಷಣೆ ಮತ್ತು ವಿಜ್ಞಾನದ ಯೋಜನೆಗಳಿಗೆ ಹೋಯಿತು. 1974ರಲ್ಲಿ ಕೃಷ್ಣಮೃಗಕ್ಕೆಂದು ಅಭಯಾರಣ್ಯವಾದ ರಾಣೆಬೆನ್ನೂರಿನ ಬಹುಭಾಗದಲ್ಲಿ ನೀಲಗಿರಿ ನೆಡುತೋಪು ಎದ್ದಿತು. ಮರ ನೆಡುವುದು ಪುಣ್ಯದ ಕೆಲಸವೆಂದು ನಂಬಿದ ನಮಗೆ ಹುಲ್ಲೇ ಮನೆಯಾದ ಜೀವಿಗಳಿಗೆ ಆ ನೆರಳು ಮುಳುವಾಗುತ್ತದೆಂದು ಹೊಳೆಯಲಿಲ್ಲ. ಅಲ್ಲಿ ಒಂದು ಕಾಲಕ್ಕೆ ಕಾಣುತ್ತಿದ್ದ ಎರೆಭೂತ ಹಕ್ಕಿಯ ಸುಳಿವು ಈಗ ರಾಜ್ಯದಲ್ಲಿ ಸಿಗುವುದು ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಹೊಲಗಳಲ್ಲಿ, ಅದೂ ಬೆರಳೆಣಿಕೆಯಷ್ಟು.

ಚಿತ್ರ ಸಾಕ್ಷಿಯಾದಾಗ

ನೋಡಿದರೆ ಉಳಿಯುತ್ತದೆ ಎಂಬುದಕ್ಕೂ ಉದಾಹರಣೆ ಬೆಂಗಳೂರಿನ ಮಗ್ಗುಲಲ್ಲೇ ಇದೆ. ಹೆಸರಘಟ್ಟದ ಹುಲ್ಲುಗಾವಲಿನಲ್ಲಿ ಚಿತ್ರನಗರಿ ಕಟ್ಟುವ ಮಾತು ಬಂದಿತ್ತು. ಅದನ್ನು ಸಂರಕ್ಷಿತ ಪ್ರದೇಶ ಮಾಡುವ ಪ್ರಸ್ತಾವ 2021ರಲ್ಲಿ ರಾಜ್ಯ ವನ್ಯಜೀವಿ ಮಂಡಳಿಯಲ್ಲಿ ಬಿದ್ದುಹೋಯಿತು. ಆದರೆ ಅಲ್ಲಿಗೆ ಹೋಗಿಬರುತ್ತಿದ್ದ ಪಕ್ಷಿವೀಕ್ಷಕರು, ಛಾಯಾಗ್ರಾಹಕರು ಬಿಡಲಿಲ್ಲ. ಯಾವ ತಿಂಗಳು ಯಾವ ಹಕ್ಕಿ, ಯಾವ ಹುಲ್ಲಿನಲ್ಲಿ ಯಾವ ಗೂಡು ಎಂಬ ವರ್ಷಗಳ ದಾಖಲೆ ಅವರ ಬಳಿಯಿತ್ತು. ವಿಷಯ ಹೈಕೋರ್ಟಿನ ಮೆಟ್ಟಿಲೇರಿತು. ಕೊನೆಗೆ 2024ರಲ್ಲಿ ಅದೇ ಮಂಡಳಿ 5,000 ಎಕರೆಗೂ ಹೆಚ್ಚಿನ ಪ್ರದೇಶವನ್ನು ಕಾಪಾಡುವ ಪ್ರಸ್ತಾವಕ್ಕೆ ಒಪ್ಪಿತು. ಒಬ್ಬರ ಒಂದು ಅದ್ಭುತ ಚಿತ್ರದಿಂದ ಆದ ಕೆಲಸ ಇದಲ್ಲ, ಹಲವರು ಮರಳಿ ಮರಳಿ ಹೋಗಿ ತೆಗೆದ ಸಾಧಾರಣ ಚಿತ್ರಗಳೂ ಇದರಲ್ಲಿ ಸೇರಿವೆ.

ಹಾಗಾಗಿ ಉತ್ಸಾಹ ಕುಂದಿದೆ ಎನ್ನುವ ಯುವ ಛಾಯಾಗ್ರಾಹಕರಿಗೆ ನಾನು ಹೇಳುವುದಿಷ್ಟೇ. ಮನೆಯಿಂದ ಒಂದು ಗಂಟೆಯೊಳಗೆ ತಲುಪಬಹುದಾದ ಒಂದು ಜಾಗ ಆರಿಸಿಕೊಳ್ಳಿ. ಊರಾಚೆಯ ಕೆರೆಯಂಗಳವಾಗಲಿ, ಗೋಮಾಳವಾಗಲಿ, ಕ್ವಾರಿ ಹೊಂಡದ ದಡವಾಗಲಿ, ಅಲ್ಲಿ ಯಾರೂ ಫೋಟೋ ತೆಗೆಯುತ್ತಿರಬಾರದು. ಮುಂಗಾರಿನ ಹಸಿರು, ದೀಪಾವಳಿ ಹೊತ್ತಿನ ತೆನೆ, ಸಂಕ್ರಾಂತಿಯ ಹೊನ್ನು, ಯುಗಾದಿಯ ಬೂದಿ, ನಾಲ್ಕನ್ನೂ ನೋಡಿ. ವಾಹನವನ್ನು ರಸ್ತೆಯಲ್ಲೇ ಬಿಟ್ಟು ನಡೆಯಿರಿ, ಏಕೆಂದರೆ ನೆಲಗುಬ್ಬಿಯ ಗೂಡು ಹುಲ್ಲಿನ ಬುಡದಲ್ಲೇ ಇರುತ್ತದೆ. ಪ್ರತಿ ಚಿತ್ರಕ್ಕೂ ತಾರೀಖು, ಜಾಗ ಬರೆದಿಡಿ. ಮೊದಮೊದಲು ಬೇಸರವಾಗುತ್ತದೆ. ಆ ಬೇಸರ ದಾಟಿದ ಮೇಲೆ ಕಾಣುವುದು ಮಾತ್ರ ನಿಮ್ಮದೇ ಆಗಿರುತ್ತದೆ. ನಾಳೆ ಯಾರಾದರೂ ಆ ನೆಲದ ನಕ್ಷೆ ಹರಡಿ ‘ಇಲ್ಲೇನಿದೆ?’ ಎಂದು ಕೇಳಿದರೆ, ಇದ್ದದ್ದನ್ನೆಲ್ಲ ಒಂದೊಂದಾಗಿ ಮೇಜಿನ ಮೇಲಿಡಲು ನಿಮ್ಮಲ್ಲಿ ಚಿತ್ರಗಳಿರುತ್ತವೆ.