ಪುಟ್ಟ ಎಂಜಿನ್ನನ್ನು ಹಿಗ್ಗಿಸುವ ಮುನ್ನ

ಯುದ್ಧ ಮುಗಿದ ಮರುವರ್ಷ, 1946ರಲ್ಲಿ, ಜಪಾನಿನ ಹಮಾಮತ್ಸು ನಗರದಲ್ಲಿ ಹೋಂಡಾ ಸೊಯಿಚಿರೊ ಒಂದು ಉಪಾಯ ಹೂಡಿದರು. ಸೈನ್ಯದ ರೇಡಿಯೋ ಜನರೇಟರುಗಳಿಗೆಂದು ತಯಾರಾಗಿ ಉಳಿದುಹೋಗಿದ್ದ ಚಿಕ್ಕ ಎಂಜಿನ್ನುಗಳನ್ನು ಕೊಂಡು, ಬೈಸಿಕಲ್ಲುಗಳಿಗೆ ಜೋಡಿಸಿ ಮಾರತೊಡಗಿದರು. ಬೇರೊಂದು ಕೆಲಸಕ್ಕೆಂದು ಮಾಡಿದ ಯಂತ್ರವನ್ನು ಮಾರ್ಪಡಿಸುವುದರಿಂದಲೇ ಹೋಂಡಾ ಕಂಪನಿಯ ಕಥೆ ಆರಂಭವಾಯಿತು. 1961ರಲ್ಲಿ ಅದೇ ಕಂಪನಿ ಟೋಕಿಯೊದ ಪಶ್ಚಿಮಕ್ಕಿದ್ದ ‘ತಮಾ ಟೆಕ್’ ಉದ್ಯಾನದಲ್ಲಿ ಮಕ್ಕಳ ಸವಾರಿಗೆಂದು ಕುಳ್ಳ ಬೈಕೊಂದನ್ನು ಇರಿಸಿತು. ಅದರಿಂದ ಹುಟ್ಟಿದ, ರಸ್ತೆಯಲ್ಲಿ ಓಡುವ ‘ಮಂಕಿ’ 50 ಸಿಸಿ ರೂಪದಲ್ಲಿ 2017ರವರೆಗೂ ತಯಾರಾಯಿತು. ಮಣ್ಣಿನ ಹಾದಿಗೆಂದೇ ಮಾಡಿದ ಅದರ ಸೋದರ ಇಂದಿನ ಸಿಆರ್‌ಎಫ್ 50 ಎಫ್.

ಈ ಮಣ್ಣಿನ ಬೈಕಿನ ತೂಕ ಸುಮಾರು 50 ಕಿಲೊ. ಸೀಟಿನ ಎತ್ತರ ಸುಮಾರು 55 ಸೆಂಟಿಮೀಟರ್. ಹೆಚ್ಚುಕಡಿಮೆ ಅಡ್ಡವಾಗಿ ಮಲಗಿದ ಒಂದೇ ಸಿಲಿಂಡರ್, ಎರಡು ವಾಲ್ವ್, ಮೂರು ಗೇರ್, ತಾನೇ ಹಿಡಿದು ಬಿಡುವ ಕ್ಲಚ್. ಮೊದಲ ಬಾರಿಗೆ ಎಂಜಿನ್ ಬಿಚ್ಚುವವರಿಗೆ ಇದಕ್ಕಿಂತ ಸರಳವಾದ ಪಾಠ ಸಿಗುವುದು ಕಷ್ಟ. ಆದರೆ ಹಳೆಯ ಬೈಕನ್ನು ಮನೆಗೆ ತಂದವರಲ್ಲಿ ಅನೇಕರು ಅದಕ್ಕೆ ಶಕ್ತಿ ಸಾಲದೆಂದು ಮೊದಲ ದಿನವೇ ದೊಡ್ಡ ಸಿಲಿಂಡರ್ ತರಿಸಲು ಹೊರಡುತ್ತಾರೆ. ಬಹಳ ಸಲ ಆ ಎಂಜಿನ್ ಚಿಕ್ಕದಾಗಿರುವುದಕ್ಕಿಂತ ಹೆಚ್ಚಾಗಿ ಅಸ್ವಸ್ಥವಾಗಿರುತ್ತದೆ. ವೈದ್ಯನಾಗಿ ನಾನು ಹೇಳಬಲ್ಲ ಮಾತು ಇಷ್ಟೇ: ಔಷಧಕ್ಕೆ ಮುನ್ನ ರೋಗನಿರ್ಣಯವಾಗಲಿ.

ವರ್ಷಗಟ್ಟಲೆ ನಿಂತ ಬೈಕಿನ ಕಾರ್ಬ್ಯುರೇಟರಿನಲ್ಲಿ ಪೆಟ್ರೋಲ್ ಆವಿಯಾಗಿ, ಉಳಿದ ಅಂಟು ಸೂಜಿಮೊನೆಯಷ್ಟು ಸಣ್ಣ ಜೆಟ್ ರಂಧ್ರಗಳನ್ನು ಮುಚ್ಚಿರುತ್ತದೆ. ಆದ್ದರಿಂದ ಮೊದಲು ಅದನ್ನು ಬಿಚ್ಚಿ ತೊಳೆಯಬೇಕು. ಅನಂತರ ಸ್ಪಾರ್ಕ್ ಪ್ಲಗ್ ತೆಗೆದು, ಆ ತೂತಿಗೆ ಮಾಪಕವನ್ನಿಟ್ಟು, ಆಕ್ಸಿಲರೇಟರನ್ನು ಪೂರ್ತಿ ತಿರುಗಿಸಿ ಹಿಡಿದು ಕಿಕ್ ಹೊಡೆದು ಕಂಪ್ರೆಷನ್ ಅಳೆಯಬೇಕು. ಒತ್ತಡ ಕಡಿಮೆಯಿದ್ದರೆ ಕೆಲವು ಹನಿ ಎಣ್ಣೆ ಬಿಟ್ಟು ಮತ್ತೆ ಅಳೆಯಿರಿ. ಎಣ್ಣೆ ಬಿಟ್ಟ ಮೇಲೆ ಒತ್ತಡ ಏರಿದರೆ ಸವೆದಿರುವುದು ಪಿಸ್ಟನ್ ರಿಂಗ್ ಅಥವಾ ಸಿಲಿಂಡರಿನ ಗೋಡೆ. ಏರದಿದ್ದರೆ ಅನುಮಾನ ವಾಲ್ವಿನ ಮೇಲೆ. ಎಂಜಿನ್ ತಣ್ಣಗಿರುವಾಗ ವಾಲ್ವಿನ ಸಂದು 0.05 ಮಿಲಿಮೀಟರ್ ಇರಬೇಕು. ಸಂದು ಪೂರ್ತಿ ಇಲ್ಲವಾದರೆ ವಾಲ್ವ್ ಸರಿಯಾಗಿ ಮುಚ್ಚದೆ ಒತ್ತಡ ಸೋರಿಹೋಗುತ್ತದೆ. ಇಷ್ಟನ್ನು ಸರಿಪಡಿಸಿದರೆ ಕಳೆದುಹೋಗಿದ್ದ ಶಕ್ತಿ ಬಹುಮಟ್ಟಿಗೆ ಮರಳುವುದುಂಟು.

ಬಿಚ್ಚುವಾಗ ಒಂದು ಎಚ್ಚರ ಬೇಕು. ಜಪಾನಿನ ಹಳೆಯ ಬೈಕುಗಳ ಪ್ಲಸ್ ತಲೆಯ ತಿರುಪುಗಳು ಜಪಾನಿನ ಕೈಗಾರಿಕಾ ಮಾನಕವಾದ ಜೆಐಎಸ್‌ಗೆ ಹೊಂದಿದವು. ತಲೆಯ ಮೇಲೆ ಸಣ್ಣ ಚುಕ್ಕೆಯಿದ್ದರೆ ಅದೇ ಗುರುತು. ಬೇರೆ ದೇಶಗಳಲ್ಲಿ ಸಾಮಾನ್ಯವಾದ ಫಿಲಿಪ್ಸ್ ಸ್ಕ್ರೂಡ್ರೈವರ್ ಅವುಗಳಲ್ಲಿ ಪೂರ್ತಿ ಕೂರದೆ ಜಾರಿ, ತಲೆಯನ್ನೇ ಹಾಳುಮಾಡುತ್ತದೆ. ಮತ್ತೆ ಜೋಡಿಸುವಾಗ ಫ್ಲೈವೀಲಿನ ‘ಟಿ’ ಗುರುತು ಎಂಜಿನ್ ಕವಚದ ಗುರುತಿಗೂ, ಕ್ಯಾಮ್ ಚಕ್ರದ ಗುರುತು ಸಿಲಿಂಡರ್ ತಲೆಯ ಕಚ್ಚಿಗೂ ನೇರವಾಗಿರಬೇಕು. ಮುಚ್ಚಿದ ಕೋಣೆಯಲ್ಲಿ ಎಂಜಿನ್ನನ್ನು ಎಂದಿಗೂ ಚಾಲೂ ಮಾಡಬಾರದು. ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ. ತಲೆನೋವು ಬಂದು ಗೊತ್ತಾಗುವಷ್ಟರಲ್ಲಿ ಎದ್ದು ಹೊರಹೋಗುವ ತ್ರಾಣವೇ ಉಳಿದಿರಲಾರದು.

ಇನ್ನು ಹಿಗ್ಗಿಸುವ ಮಾತು. ಮೂಲ ಸಿಲಿಂಡರಿನ ಒಳವ್ಯಾಸ 39 ಮಿಲಿಮೀಟರ್, ಪಿಸ್ಟನ್ ಚಲಿಸುವ ದೂರ 41.4. ಜನಪ್ರಿಯವಾದ ಬದಲಿ ಸಿಲಿಂಡರಿನ ವ್ಯಾಸ 52. ವ್ಯಾಸ ಮೂರನೆಯ ಒಂದು ಪಾಲಷ್ಟು ಹೆಚ್ಚಿದರೂ, ವಿಸ್ತೀರ್ಣವು ವ್ಯಾಸದ ವರ್ಗಕ್ಕನುಗುಣವಾಗಿ ಬೆಳೆಯುವುದರಿಂದ 49 ಸಿಸಿಯ ಎಂಜಿನ್ 88 ಸಿಸಿಯದಾಗುತ್ತದೆ. ಅಷ್ಟೇ ಪ್ರಮಾಣದಲ್ಲಿ ಗಾಳಿಯೂ ಇಂಧನವೂ ಬೇಕು. ಹಳೆಯ ಜೆಟ್ಟನ್ನೇ ಉಳಿಸಿಕೊಂಡರೆ ಇಂಧನ ಸಾಲದೆ ಉರಿ ಅತಿಯಾಗಿ ಪಿಸ್ಟನ್ನೇ ಕರಗಬಹುದು. ಹೆಚ್ಚಿದ ಶಾಖವನ್ನು ಎಣ್ಣೆ ಹೊರಬೇಕು, ಹೆಚ್ಚಿದ ಬಲವನ್ನು ಕ್ಲಚ್ ಹಿಡಿಯಬೇಕು, ಹೆಚ್ಚಿದ ವೇಗವನ್ನು ಮಗುವಿಗೆಂದು ಮಾಡಿದ ಪುಟ್ಟ ಡ್ರಮ್ ಬ್ರೇಕು ತಡೆಯಬೇಕು. ಹೃದಯವೊಂದನ್ನೇ ದೊಡ್ಡದು ಮಾಡಿ ಮಿಕ್ಕ ದೇಹವನ್ನು ಹಾಗೆಯೇ ಬಿಟ್ಟಂತೆ ಇದು.

ಬದಲಾಗುವುದು ಯಂತ್ರವಷ್ಟೇ ಅಲ್ಲ, ಕಾನೂನಿನ ಲೆಕ್ಕವೂ ಹೌದು. ಸಿಆರ್‌ಎಫ್ 50 ಎಫ್ ಜಪಾನಿನಲ್ಲಿ ಸಾರ್ವಜನಿಕ ರಸ್ತೆಗೆ ಬರುವಂತೆಯೇ ಇಲ್ಲ. ಖಾಸಗಿ ಅಂಗಳ ಇಲ್ಲವೆ ಟ್ರ್ಯಾಕ್ ಮಾತ್ರ ಅದರ ಕ್ಷೇತ್ರ. ಮಂಕಿ ರಸ್ತೆಗೆ ಬರಬಹುದು. 50 ಸಿಸಿವರೆಗಿನ ಮಂಕಿಗೆ ಬಿಳಿಯ ನಂಬರ್ ಪ್ಲೇಟು, ಗಂಟೆಗೆ 30 ಕಿಲೊಮೀಟರಿನ ಮಿತಿ. ಹಿಂದೆ ಯಾರನ್ನೂ ಕೂರಿಸುವಂತಿಲ್ಲ. ಜಪಾನಿನ ಕಾರಿನ ಪರವಾನಗಿಯಿದ್ದರೆ ಅದನ್ನು ಓಡಿಸಬಹುದು. 88 ಸಿಸಿಗೆ ಹಿಗ್ಗಿಸಿದೊಡನೆ ನಗರಸಭೆಯ ಕಚೇರಿಯಲ್ಲಿ ಮರುನೋಂದಣಿ ಮಾಡಿಸಿ ಹಳದಿ ಪ್ಲೇಟು ಪಡೆಯಬೇಕು. ವಾರ್ಷಿಕ ತೆರಿಗೆ ಎರಡಕ್ಕೂ 2,000 ಯೆನ್ನೇ ಆದ್ದರಿಂದ ವ್ಯತ್ಯಾಸ ಚಿಕ್ಕದೆಂದು ತೋರಬಹುದು. ಆದರೆ ಆಗ ಕಾರಿನ ಪರವಾನಗಿ ಸಾಲದು, ಮೋಟಾರ್‌ಸೈಕಲ್ಲಿನದೇ ಬೇಕು. ಅದಿಲ್ಲದೆ ರಸ್ತೆಗಿಳಿದರೆ ಅದು ಪರವಾನಗಿಯಿಲ್ಲದ ಚಾಲನೆಯೆಂಬ ಅಪರಾಧ. ಪರದೇಶದಲ್ಲಿ ವೀಸಾದ ಮೇಲೆ ಬದುಕುವ ನಮಗೆ ಅದು ಬರಿಯ ದಂಡದ ಮಾತಲ್ಲ.

ಆದ್ದರಿಂದ ಕ್ರಮ ಹೀಗಿರಲಿ: ಮೊದಲು ದುರಸ್ತಿ, ಬಳಿಕ ಬ್ರೇಕು, ಟೈರು, ಹೆಲ್ಮೆಟ್ಟು, ಎದೆಗವಚ, ಆಮೇಲೆ ಬೇಕೆನಿಸಿದರೆ, ಕಾಗದಪತ್ರಗಳೊಡನೆ, ಸಿಲಿಂಡರ್. ಬೈಕು ಮಗುವಿನದಾದರೆ ಕೊನೆಯ ಹೆಜ್ಜೆಯನ್ನು ಬಿಟ್ಟೇಬಿಡಿ. ಮಗುವಿನ ಎಲುಬು ಇನ್ನೂ ಬೆಳೆಯುತ್ತಿರುತ್ತದೆ. ತುದಿಯ ಬೆಳವಣಿಗೆಯ ಫಲಕಕ್ಕೆ ಪೆಟ್ಟು ಬಿದ್ದರೆ ಕೈಯೋ ಕಾಲೋ ಗಿಡ್ಡವಾಗಿಯೋ ಸೊಟ್ಟವಾಗಿಯೋ ಬೆಳೆಯಬಹುದು. ವೇಗ ಬೇಕೆಂದು ಮಗು ಹಟ ಹಿಡಿದರೆ ಕೈಗೊಂದು ಸ್ಪಾನರ್ ಕೊಟ್ಟು ಪಕ್ಕದಲ್ಲಿ ಕೂರಿಸಿಕೊಳ್ಳಿ. ತಾನೇ ಬಿಚ್ಚಿ ಜೋಡಿಸಿದ ಎಂಜಿನ್ ಮೊದಲ ಕಿಕ್ಕಿಗೆ ಗುಡುಗುಟ್ಟಿದಾಗ, ಅದು ಎಷ್ಟು ಸಿಸಿಯದೆಂಬ ಪ್ರಶ್ನೆ ಕೆಲವು ದಿನವಾದರೂ ಮರೆತುಹೋಗುತ್ತದೆ.