ಎರಡು ನುಡಿಯ ಮನೆಯ ಲೆಕ್ಕ

ಕೊಡಗಿನ ಬಾಳೆಲೆಯ ಬಸ್ ನಿಲ್ದಾಣದಲ್ಲಿ ಅರ್ಧ ಗಂಟೆ ಕೂತರೆ ಕೊಡವ ತಕ್ಕ್, ಕನ್ನಡ, ಮಲಯಾಳ, ಎರವರ ಮಾತು ಎಲ್ಲವೂ ಕಿವಿಗೆ ಬೀಳುತ್ತವೆ. ಕೊಡವರ ನುಡಿಯಾದ ಕೊಡವ ತಕ್ಕ್ ಇನ್ನು ನಾಲ್ಕು ತಲೆಮಾರಿನ ಮೇಲೂ ಇಲ್ಲಿ ಕೇಳಿಸೀತೆ?

ಜನಗಣತಿಯಿಂದ ಉತ್ತರ ಸಿಗದು. ಕೊಡವ ತಕ್ಕನ್ನು ತಾಯ್ನುಡಿಯೆಂದು ಬರೆಸಿದವರು 1991ರಲ್ಲಿ 97,011, 2001ರಲ್ಲಿ 1,66,187, 2011ರಲ್ಲಿ 1,13,857. ಹತ್ತು ವರ್ಷದಲ್ಲಿ ಮಾತಾಡುವವರು ಹೀಗೆ ಉಕ್ಕಿ ಇಳಿಯುವುದಿಲ್ಲ. ಜನ ಬರೆಸಿದ ರೀತಿಯೇ ಬದಲಾಗಿರಬೇಕು. ಹಾಗಾಗಿ ಮನೆಯೊಳಗೇ ಇಣುಕಬೇಕು.

ಅದಕ್ಕೆ ದಾರಿ ತೋರಿದವರು ತಳಿವಿಜ್ಞಾನಿ ಲೂಕಾ ಕವಾಲಿ-ಸ್ಫೋರ್ಜಾ ಮತ್ತು ಮಾರ್ಕಸ್ ಫೆಲ್ಡ್‌ಮನ್. ಜೀನ್‌ಗಳಿಗೆ ಬಳಸುವಂಥ ಗಣಿತವನ್ನು ನುಡಿ, ನಡೆ, ನಂಬಿಕೆಗಳಿಗೆ ಒಗ್ಗಿಸಿದ ಅವರ ಪುಸ್ತಕ ಬಂದದ್ದು 1981ರಲ್ಲಿ.

ಒಂದು ಕಲ್ಪಿತ ಊರು ಇಟ್ಟುಕೊಳ್ಳೋಣ. ಮೊದಲಿಗೆ ನೂರಕ್ಕೆ ನೂರು ಜನ ಕೊಡವ ತಕ್ಕ್ ಆಡುವವರು. ಮದುವೆಗೆ ಯಾರೂ ನುಡಿ ನೋಡುವುದಿಲ್ಲ. ತಂದೆತಾಯಿ ಇಬ್ಬರೂ ಆಡುವ ಮನೆಯಲ್ಲಿ ಹತ್ತರಲ್ಲಿ ಒಂಬತ್ತು ಮಕ್ಕಳು ಕಲಿಯುತ್ತಾರೆ. ಒಬ್ಬರೇ ಆಡುವ ಮನೆಯಲ್ಲಿ ಹತ್ತರಲ್ಲಿ ಮೂರು. ತಲೆಮಾರಿನಿಂದ ತಲೆಮಾರಿಗೆ ನೂರರಲ್ಲಿ 90, 78, 65, 52, ಕೊನೆಗೆ ಏನೂ ಇಲ್ಲ. ಯಾರೂ ನುಡಿಯನ್ನು ತೊರೆದಿಲ್ಲ, ಯಾರೂ ದ್ವೇಷಿಸಿಲ್ಲ. ಆದರೂ ಹೋಯಿತು.

ಈಗ ಒಂದೇ ಅಂಕಿ ಬದಲಿಸಿ. ಒಬ್ಬರೇ ಆಡುವ ಮನೆಯಲ್ಲಿ ಮೂರರ ಬದಲು ಆರು ಮಕ್ಕಳು ಕಲಿಯಲಿ. 90, 84, 79 ಎಂದು ಇಳಿಯುತ್ತಾ ಬಂದ ಲೆಕ್ಕ ಮೂರರಲ್ಲಿ ಎರಡು ಪಾಲಿನ ಹತ್ತಿರ ನಿಂತುಬಿಡುತ್ತದೆ. ಎಷ್ಟು ತಲೆಮಾರು ಕಳೆದರೂ ಅದಕ್ಕಿಂತ ಕೆಳಗಿಳಿಯುವುದಿಲ್ಲ! ಮೊದಲ ಸಲ ಕಾಗದದ ಮೇಲೆ ಇದನ್ನು ಬಿಡಿಸಿದಾಗ ನನಗೆ ನಂಬಿಕೆಯಾಗದೆ ಮತ್ತೆ ಗುಣಿಸಿ ನೋಡಿದೆ.

ಗುಟ್ಟು ಸರಳ. ಆಡುವವರು ವಿರಳವಾದಾಗ ಹೆಚ್ಚುಕಡಿಮೆ ಎಲ್ಲರ ಸಂಗಾತಿಯೂ ಬೇರೆ ನುಡಿಯವರು. ಆ ಜೋಡಿಗೆ ಇಬ್ಬರು ಮಕ್ಕಳು ಎನ್ನೋಣ. ಅದರಲ್ಲಿ ಸರಾಸರಿ ಒಬ್ಬರಾದರೂ ಕಲಿತರೆ ಹೋದ ಒಬ್ಬರ ಜಾಗಕ್ಕೆ ಇನ್ನೊಬ್ಬರು ಬಂದಂತೆ. ಅರ್ಧ ಎಂಬುದೇ ಹೊಸ್ತಿಲು. ನುಡಿಯ ಅಳಿವು ಉಳಿವು ಅಪ್ಪಟ ಕೊಡವ ಮನೆಗಿಂತ ಈ ಎರಡು ನುಡಿಯ ಮನೆಯಲ್ಲಿ ತೀರ್ಮಾನವಾಗುತ್ತದೆ.

ಹತ್ತರಲ್ಲಿ ಮೂರನ್ನು ಆರಕ್ಕೆ ಏರಿಸುವವರು ಹೆತ್ತವರೇ ಆಗಬೇಕಿಲ್ಲ. ಅಜ್ಜಿ, ಚಿಕ್ಕಪ್ಪ, ನೆರೆಯವರಿಂದ ಬರುವ ಕಲಿಕೆಯನ್ನು ಈ ಗಣಿತ ಓರೆ ದಾರಿ ಎಂದು ಕರೆಯುತ್ತದೆ. ಬೇಸಿಗೆ ರಜೆಗೆ ಬೆಂಗಳೂರಿನಿಂದ ಮನೆತನದ ಹಿರಿಮನೆಯಾದ ಐನ್‌ಮನೆಗೆ ಬಂದ ಮಗುವನ್ನು ಅಜ್ಜಿ ಯಾವ ನುಡಿಯಲ್ಲಿ ಊಟಕ್ಕೆ ಕರೆಯುತ್ತಾಳೆ ಎಂಬುದೂ ಆ ಸಮೀಕರಣದೊಳಗಿನ ಒಂದು ಅಂಕಿ.